ಸೋರುವ ನಲ್ಲಿಯ ಲೆಕ್ಕ: ಸೇವಾ ಕಲಿಕೆಯ 16 ವಾರಗಳು

ಒಂಬತ್ತನೇ ತರಗತಿಯ 40 ಮಕ್ಕಳೊಂದಿಗೆ ಕೈಗೊಂಡ ಸೇವಾ ಕಲಿಕೆಯ (ಇತರರಿಗೆ ಬೇಕಾದ ಸೇವೆ ಮಾಡುತ್ತಲೇ ಪಾಠ ಕಲಿಯುವ) ಕೆಲಸ ಮೊನ್ನೆಯಷ್ಟೇ ಮುಗಿಯಿತು. ಆರಂಭದಿಂದ ಕೊನೆಯವರೆಗೆ ಹಿಡಿದದ್ದು 16 ವಾರ. ಅಷ್ಟರಲ್ಲಿ ಒಂದೊಂದು ಮಗುವೂ ವೃದ್ಧಾಶ್ರಮದಲ್ಲಿ ಇದ್ದದ್ದು ಬರೀ 4 ಗಂಟೆ, ಅದೂ ಎರಡು ಸಲಕ್ಕೆ ಸೇರಿ. ಉಳಿದ ಸಮಯವನ್ನೆಲ್ಲ ಒಪ್ಪಿಗೆ ಪತ್ರ, ವೇಳಾಪಟ್ಟಿ, ತರಗತಿಯ ತಯಾರಿ, ಕಾಯುವುದು, ಬರೆಯುವುದು, ಮತ್ತೆ ಕಾಯುವುದು ನುಂಗಿತು. ಈ ಪ್ರಮಾಣ ಮೊದಲೇ ಗೊತ್ತಿದ್ದರೆ ಎಷ್ಟೋ ಗಾಬರಿ ತಪ್ಪುತ್ತಿತ್ತು. ಮುಂದೆ ಈ ದಾರಿ ಹಿಡಿಯುವ ಶಿಕ್ಷಕರಿಗೆ ನೆರವಾಗಲೆಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಟ್ಟಿದ್ದೇವೆ. ಕೆಲಸ ಆಶ್ರಮದ ನೀರಿನ ಸೋರಿಕೆ ಅಳೆಯುವುದು, ಅಂದರೆ ಗಣಿತ ಮತ್ತು ವಿಜ್ಞಾನದ್ದು. ವರದಿ ಬರೆಯುವ ಹೊತ್ತಿಗೆ ಭಾಷಾ ಶಿಕ್ಷಕರೂ ಜೊತೆಗೂಡಿದರು.

ಮೊದಲು ಒಂದು ಗೊಂದಲ ತಿಳಿಯಾಗಲಿ. ಶಾಲೆಯ ಅಂಗಳ ಗುಡಿಸುವುದು ಶ್ರಮದಾನ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಸೇವಾ ಕಲಿಕೆಯಾಗುವುದಿಲ್ಲ. ಪರೀಕ್ಷಿಸಲು ಎರಡು ಪ್ರಶ್ನೆ ಸಾಕು. ಪಾಠವನ್ನು ತೆಗೆದರೆ ಸೇವೆ ಕೆಡುತ್ತದೆಯೇ? ಸೇವೆಯನ್ನು ತೆಗೆದರೆ ಪಾಠ ಸೊರಗುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಮುಂದುವರಿಯಿರಿ.

ಮೊದಲ ಮೂರು ವಾರ ಜೊತೆಗಾರ ಸಂಸ್ಥೆಯನ್ನು ಹುಡುಕುವುದರಲ್ಲೇ ಕಳೆದವು. ವೃದ್ಧಾಶ್ರಮಕ್ಕೆ ಹೋಗುವುದೆಂದು ತೀರ್ಮಾನವಾದಾಗ ಶಾಲೆಯಲ್ಲಿ ಎಲ್ಲರ ತಲೆಯಲ್ಲಿದ್ದದ್ದು ಹಾಡು, ಕಿರುನಾಟಕ, ಒಂದಿಷ್ಟು ಮಾತುಕತೆ. ಪತ್ರ ಬರೆದು ಎಂಟು ದಿನ ಉತ್ತರವಿಲ್ಲ. ಫೋನ್ ಮಾಡಿದರೆ "ಮುಂದಿನ ವಾರ ನೋಡೋಣ". ಕೊನೆಗೆ ಖುದ್ದಾಗಿ ಹೋಗಿ ಕೂತಾಗ ಅಲ್ಲಿನ ಮೇಲ್ವಿಚಾರಕರು ನೇರವಾಗಿ ಹೇಳಿದರು: "ಮಕ್ಕಳು ಬರಲಿ, ಸಂತೋಷ. ಆದರೆ ಹಾಡಿ ಹೋಗೋರು ಬೇಕಾದಷ್ಟು ಜನ ಬರ್ತಾರೆ ಸಾರ್. ಮಧ್ಯಾಹ್ನ ಮೂರಕ್ಕೆಲ್ಲ ಟ್ಯಾಂಕ್ ಖಾಲಿಯಾಗುತ್ತೆ. ಅದಕ್ಕೇನಾದರೂ ಮಾಡ್ತೀರಾ?"

ಸೇವಾ ಕಲಿಕೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ತತ್ವಗಳನ್ನು ಮುಂದಿಟ್ಟರು. ಅವುಗಳಲ್ಲಿ ಮೊದಲನೆಯದು, ಸೇವೆ ಪಡೆಯುವವರ ಕೈಯಲ್ಲೇ ಸೇವೆಯ ಹಿಡಿತ ಇರಬೇಕು ಎಂಬುದು. ಓದುವಾಗ ಸರಳವಾಗಿ ಕಾಣುತ್ತದೆ. ಪಾಲಿಸಲು ಹೊರಟರೆ ಸಿದ್ಧಮಾಡಿಟ್ಟುಕೊಂಡ ಯೋಜನೆಯನ್ನು ಬದಿಗಿಡಬೇಕಾಗುತ್ತದೆ. ನಾಟಕದ ಯೋಜನೆ ಅಂದೇ ಬದಿಗೆ ಹೋಯಿತು, ನೀರಿನ ಸೋರಿಕೆಯ ಲೆಕ್ಕ ಆ ಜಾಗಕ್ಕೆ ಬಂತು. ಹಾಗಾಗಿ ಒಂದು ಸಲಹೆ: ಮೊದಲ ಭೇಟಿಗೆ ಯೋಜನೆಯ ಕಡತ ಒಯ್ಯಬೇಡಿ. ಖಾಲಿ ಹಾಳೆ ಒಯ್ದು, "ನಿಮಗೆ ದಿನಾ ಕಾಡುವ ತೊಂದರೆ ಯಾವುದು?" ಎಂದು ಕೇಳಿ. ಬರುವ ಉತ್ತರಗಳಲ್ಲಿ ನಿಮ್ಮ ಪಠ್ಯಕ್ಕೆ ಹೊಂದುವಂಥದ್ದು ಒಂದಾದರೂ ಇರುತ್ತದೆ. ಯಾವುದೂ ಹೊಂದದಿದ್ದರೆ ಅಲ್ಲಿ ಬೇರೆ ವಿಷಯದ ಶಿಕ್ಷಕರಿಗೆ ಕೆಲಸವಿದೆ ಎಂದರ್ಥ.

ಒಪ್ಪಂದ ಒಂದೇ ಪುಟದ್ದಿರಲಿ. ನಾವು ಬರೆದದ್ದು ಇಷ್ಟು: ಬರುವ ದಿನಾಂಕ ಮತ್ತು ಗಂಟೆ, ಒಮ್ಮೆಗೆ ಎಷ್ಟು ಮಕ್ಕಳು, ಯಾವ ಕೋಣೆಗಳಿಗೆ ಪ್ರವೇಶವಿದೆ, ಯಾವುದಕ್ಕಿಲ್ಲ, ಅಲ್ಲಿ ಯಾರನ್ನು ಕೇಳಬೇಕು, ಏನಾದರೂ ಒಡೆದರೆ ಹೊಣೆ ಯಾರದು, ಕೊನೆಗೆ ಅವರ ಕೈಗೆ ಏನು ಸಿಗುತ್ತದೆ. ಈ ಕೊನೆಯ ಅಂಶವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. "ಪ್ರತಿ ನಲ್ಲಿಗೂ ಸಂಖ್ಯೆ, ದಿನಕ್ಕೆ ಎಷ್ಟು ಲೀಟರ್ ನಷ್ಟ, ಯಾವುದನ್ನು ಮೊದಲು ಸರಿಮಾಡಬೇಕು ಎಂಬ ಪಟ್ಟಿ" ಎಂದು ನಾವು ಬರೆದುಕೊಟ್ಟೆವು. ಕೋಣೆಗಳು ಚಿಕ್ಕವಾದ್ದರಿಂದ ಒಮ್ಮೆಗೆ 20 ಮಕ್ಕಳು ಸಾಕೆಂದರು. ಹೀಗಾಗಿ ತರಗತಿ ಎರಡು ತಂಡವಾಯಿತು, ಎರಡು ಭೇಟಿಯ ಜಾಗದಲ್ಲಿ ನಾಲ್ಕು ಭೇಟಿ ಬಂದವು, ವಾಹನದ ಖರ್ಚೂ ಎರಡರಷ್ಟಾಯಿತು. ಇಡೀ ಕೆಲಸದಲ್ಲಿ ಹಣ ಹೋದದ್ದು ವಾಹನಕ್ಕೇ. ಸಲಕರಣೆಯೆಲ್ಲ ಸೇರಿಸಿದರೂ ಒಂದು ಭೇಟಿಯ ವಾಹನ ಖರ್ಚಿನಷ್ಟಾಗಲಿಲ್ಲ. ನಡೆದು ಹೋಗುವ ದೂರದಲ್ಲೇ ಸಂಸ್ಥೆ ಹುಡುಕಿಕೊಂಡರೆ ಅರ್ಧ ತಲೆನೋವು ಕಡಿಮೆ.

ನಾಲ್ಕರಿಂದ ಆರನೇ ವಾರದವರೆಗೆ ಕಾಗದಪತ್ರ. ಪೋಷಕರ ಒಪ್ಪಿಗೆ ಪತ್ರವನ್ನು ಭೇಟಿಗೆ ಮೂರು ವಾರ ಮೊದಲೇ ಕಳಿಸಿದ್ದೆವು. ಮೊದಲ ವಾರದಲ್ಲಿ ವಾಪಸ್ ಬಂದದ್ದು 22. ಅದರಲ್ಲಿ ಐದಕ್ಕೆ ಸಹಿಯೇ ಇಲ್ಲ, ಎರಡರಲ್ಲಿ ತುರ್ತು ಸಂಪರ್ಕದ ಜಾಗ ಖಾಲಿ. ಭೇಟಿಗೊಂದು ಪತ್ರ ಎಂದು ಹೊರಟರೆ ಈ ಗೋಳು ನಾಲ್ಕು ಸಲ. ಎಲ್ಲ ದಿನಾಂಕಗಳನ್ನೂ ಒಂದೇ ಪತ್ರದಲ್ಲಿ ಬರೆದು, "ದಿನಾಂಕ ಬದಲಾದರೆ ಮೊದಲೇ ತಿಳಿಸಲಾಗುವುದು" ಎಂದು ಒಂದು ಸಾಲು ಸೇರಿಸಿ. ಫೋಟೋಗೆ ಬೇರೆಯೇ ಒಪ್ಪಿಗೆ ಇರಲಿ. ಮಗುವನ್ನು ಕಳಿಸಲು ಒಪ್ಪುವ ಎಲ್ಲ ಪೋಷಕರೂ ಅದರ ಫೋಟೋ ಹೊರಗೆ ಹೋಗಲು ಒಪ್ಪುವುದಿಲ್ಲ. ವೃದ್ಧಾಶ್ರಮದ ಹಿರಿಯರಿಗೂ ಇದೇ ನ್ಯಾಯ. ಕೆಲವರಿಗೆ ತಾವು ಅಲ್ಲಿರುವುದು ಬಂಧುಗಳಿಗೆ ತಿಳಿಯುವುದೇ ಬೇಡ. ಅದಕ್ಕೇ ಮಕ್ಕಳ ಫೋನ್‌ಗಳೆಲ್ಲ ಶಾಲೆಯಲ್ಲೇ ಉಳಿದವು. ನಲ್ಲಿಗಳ ಫೋಟೋ ಮಾತ್ರ, ಅದೂ ಶಿಕ್ಷಕರೊಬ್ಬರೇ ತೆಗೆಯುವುದು ಎಂದಾಯಿತು.

ಇನ್ನೊಂದು ನಿಯಮ ನಮಗೆ ಹೊಳೆದಿರಲಿಲ್ಲ, ಸಂಸ್ಥೆಯವರೇ ಹೇಳಿದರು: ನೆಗಡಿ, ಕೆಮ್ಮು, ಜ್ವರ ಇರುವ ಮಗು ಬರಬಾರದು. ಮಕ್ಕಳಿಗೆ ಎರಡು ದಿನದಲ್ಲಿ ವಾಸಿಯಾಗುವ ನೆಗಡಿ ಎಂಬತ್ತು ದಾಟಿದವರನ್ನು ಹಾಸಿಗೆ ಹಿಡಿಸಬಹುದು. ಪ್ರತಿ ಭೇಟಿಯಲ್ಲೂ ಇಬ್ಬರೋ ಮೂವರೋ ಹೀಗೆ ಉಳಿದುಕೊಂಡರು. ಉಳಿದವರಿಗೆ ಬೇಸರವಾಗುತ್ತದೆ, ಅಳುವೂ ಬರುತ್ತದೆ. ಅವರಿಗಾಗಿ ಶಾಲೆಯಲ್ಲೇ ಮಾಡುವ ನಿಜವಾದ ಕೆಲಸವೊಂದನ್ನು ಮೊದಲೇ ಗೊತ್ತುಮಾಡಿ. ನಮ್ಮಲ್ಲಿ ಅವರು ಅಂಕಿಅಂಶ ದಾಖಲಿಸುವ ಹಾಳೆಗಳನ್ನು ತಪಾಸಣೆ ಮಾಡಿದರು, ಎರಡು ತಪ್ಪು ಹಿಡಿದದ್ದೂ ಅವರೇ.

ವೇಳಾಪಟ್ಟಿ ಇನ್ನೊಂದು ಕಂಟಕ. ಎರಡು ಗಂಟೆಯ ಭೇಟಿಗೆ ಹೋಗಿಬರುವ ಹೊತ್ತೂ ಸೇರಿ ನಾಲ್ಕು ಪಿರಿಯಡ್ ಬೇಕು. ಬೇರೆ ವಿಷಯದವರ ಪಿರಿಯಡ್ ಕೇಳಿದಾಗ "ಪಾಠ ಮುಗಿಯೋದು ಹೇಗೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. ಬಾಯಿಮಾತಿನ ಭರವಸೆ ಅಲ್ಲಿ ನಡೆಯುವುದಿಲ್ಲ. ಯಾವ ಅಧ್ಯಾಯದ ಯಾವ ಭಾಗ ಈ ಕೆಲಸದಲ್ಲಿ ಮುಗಿಯುತ್ತದೆ ಎಂದು ಹಾಳೆಯಲ್ಲಿ ಬರೆದು ತೋರಿಸಿ. ನಮ್ಮ ಪಟ್ಟಿಯಲ್ಲಿ ದರ ಮತ್ತು ಅನುಪಾತ, ಮಾನಗಳ ಪರಿವರ್ತನೆ, ಘನಫಲ, ಸರಾಸರಿ, ಸ್ತಂಭಾಲೇಖ, ದ್ರವದ ಒತ್ತಡ, ಔಪಚಾರಿಕ ಪತ್ರ, ವರದಿ ಇದ್ದವು. ತೆಗೆದುಕೊಂಡ ಪಿರಿಯಡ್‌ಗಳನ್ನು ಯಾವ ದಿನ ಹಿಂತಿರುಗಿಸುತ್ತೇವೆ ಎಂಬುದೂ ಅದೇ ಹಾಳೆಯಲ್ಲಿತ್ತು. ಮುಖ್ಯ ಶಿಕ್ಷಕರು ಸಹಿ ಹಾಕಿದ್ದು ಆ ಹಾಳೆ ನೋಡಿಯೇ.

ಐದನೇ ವಾರದಿಂದಲೇ ಶಾಲೆಯ ನಲ್ಲಿಗಳ ಮೇಲೆ ಅಭ್ಯಾಸ ಶುರುವಾಗಿತ್ತು. ಇದನ್ನು ಬಿಟ್ಟು ನೇರ ಭೇಟಿಗೆ ಹೋಗಿದ್ದರೆ ಮೊದಲ ದಿನವೇ ಮುಖ ಕೆಡುತ್ತಿತ್ತು. ಏಕೆಂದರೆ ನಮ್ಮ ಮೊದಲ ವಿಧಾನವೇ ತಪ್ಪಾಗಿತ್ತು. ಮಕ್ಕಳು ಹನಿ ಎಣಿಸಿದರು: ನಿಮಿಷಕ್ಕೆ 60. ಒಂದು ಮಿಲಿಲೀಟರ್‌ಗೆ 20 ಹನಿ ಎಂಬ ರೂಢಿಯ ಲೆಕ್ಕದಲ್ಲಿ ನಿಮಿಷಕ್ಕೆ 3 ಮಿಲಿಲೀಟರ್ ಬಂತು. ಅದೇ ನಲ್ಲಿಯ ಕೆಳಗೆ 10 ನಿಮಿಷ ಬಟ್ಟಲಿಟ್ಟು ಅಳೆದರೆ 70 ಮಿಲಿಲೀಟರ್, ಅಂದರೆ ನಿಮಿಷಕ್ಕೆ 7. ಎರಡು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಕಾರಣ ಹನಿಯ ಗಾತ್ರ. ಔಷಧದ ಸಣ್ಣ ಕೊಳವೆಯ ತುದಿಯಿಂದ ಬೀಳುವ ಹನಿ ಬೇರೆ, ನಲ್ಲಿಯ ಅಗಲ ಬಾಯಿಯಲ್ಲಿ ತೂಗಾಡಿ ಬೀಳುವ ಹನಿ ಬೇರೆ. ಬಾಯಿ ಅಗಲವಾದಷ್ಟೂ ಮೇಲ್ಮೈ ಕರ್ಷಣ (ನೀರಿನ ಮೇಲ್ಮೈಯ ಬಿಗಿತ) ಹೆಚ್ಚು ನೀರನ್ನು ಹಿಡಿದಿಡುತ್ತದೆ, ಹನಿ ದಪ್ಪವಾಗುತ್ತದೆ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಮೇಲ್ಮೈ ಕರ್ಷಣಕ್ಕೆ ಆ ದಿನ ಒಂದು ಪಿರಿಯಡ್ ಪೂರ್ತಿ ಹೋಯಿತು, ಅದರ ಬಗ್ಗೆ ನಮಗೆ ವಿಷಾದವಿಲ್ಲ.

ಹಾಗಾಗಿ ಹನಿ ಎಣಿಸಬೇಡಿ, ನೀರು ಹಿಡಿದು ಅಳೆಯಿರಿ. ಒಂದು ನಿಮಿಷ ಸಾಲದು. ನಮ್ಮ ಅಳತೆಯ ಜಾಡಿಯ ಒಂದು ಗೆರೆ ಎಂದರೆ 1 ಮಿಲಿಲೀಟರ್. 7 ಮಿಲಿಲೀಟರ್ ಅಳೆಯುವಾಗ ಒಂದು ಗೆರೆ ತಪ್ಪಿದರೆ ಏಳರಲ್ಲಿ ಒಂದು ಪಾಲು ತಪ್ಪು. 70ರಲ್ಲಿ ತಪ್ಪಿದರೆ ಎಪ್ಪತ್ತರಲ್ಲಿ ಒಂದು. ಉದ್ದನೆಯ ಜಾಡಿ ಕೈತೊಳೆಯುವ ಬೇಸಿನ್‌ನ ನಲ್ಲಿಯ ಕೆಳಗೆ ನಿಲ್ಲುವುದಿಲ್ಲ. ಅಗಲ ಬಟ್ಟಲಿನಲ್ಲಿ ಹಿಡಿದು, ಆಮೇಲೆ ಜಾಡಿಗೆ ಸುರಿಯಬೇಕು. ಒಣ ಬಟ್ಟಲಿಗೆ ಸ್ವಲ್ಪ ನೀರು ಅಂಟಿಕೊಳ್ಳುತ್ತದೆ, ಆದ್ದರಿಂದ ಮೊದಲೇ ಒಮ್ಮೆ ನೆನೆಸಿ, ಕೊಡವಿ ಇಡಿ. ಜಾಡಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಪ್ರತಿ ನಲ್ಲಿಗೂ ಮೂರು ಸಲ ಅಳತೆ, ಮೂರರ ಸರಾಸರಿ.

ನಾಲ್ವರಿಗೊಂದು ಗುಂಪು. ಒಬ್ಬರು ಸಮಯ ನೋಡುವುದು, ಒಬ್ಬರು ಅಳೆಯುವುದು, ಒಬ್ಬರು ಬರೆಯುವುದು, ನಾಲ್ಕನೆಯವರು ಅಲ್ಲಿನ ಹಿರಿಯರೊಂದಿಗೆ ಮಾತಾಡಿ "ಇದು ಯಾವಾಗಿನಿಂದ ಸೋರುತ್ತಿದೆ, ಯಾವ ಹೊತ್ತಿನಲ್ಲಿ ಹೆಚ್ಚು" ಎಂದು ಕೇಳುವುದು. ಹತ್ತು ನಿಮಿಷ ಬಟ್ಟಲು ತುಂಬುವುದನ್ನೇ ನೋಡುತ್ತ ನಿಂತರೆ ಮಕ್ಕಳಿಗೆ ಆಕಳಿಕೆ ಬರುತ್ತದೆ. ಈ ನಾಲ್ಕನೇ ಕೆಲಸ ಹುಟ್ಟಿದ್ದು ಅದಕ್ಕಾಗಿ, ಕೊನೆಗೆ ಅತಿ ಮುಖ್ಯವಾದದ್ದೂ ಅದೇ. ಮಾತಾಡುವ ಬಗೆಯನ್ನೂ ಅಭ್ಯಾಸ ಮಾಡಿಸಬೇಕು: ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ. ಕಿವಿ ಮಂದವೆಂದು ಕಿರುಚಬಾರದು. ಉತ್ತರಕ್ಕೆ ಕಾಯಬೇಕು. ಮಂಚದ ಮೇಲೆ ಕೇಳದೆ ಕೂರಬಾರದು, ಅದು ಅವರ ಮನೆ.

ಎಂಟನೇ ವಾರ ಮೊದಲ ತಂಡ ಹೋಯಿತು. ಒಟ್ಟು 33 ನಲ್ಲಿ, 8 ಫ್ಲಶ್ ಟ್ಯಾಂಕ್. ಮೊದಲ ಅರ್ಧ ಗಂಟೆ ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಸಂಖ್ಯೆ ಬರೆಯುವುದರಲ್ಲೇ ಕಳೆಯಿತು. ಒದ್ದೆ ಜಾಗದಲ್ಲಿ ಕಾಗದದ ಟೇಪ್ ನಿಲ್ಲುವುದಿಲ್ಲ. ಒರೆಸಿ, ನಲ್ಲಿಯ ಮೇಲಿನ ಗೋಡೆಗೆ ಅಂಟಿಸಬೇಕು. 7 ನಲ್ಲಿಗಳು ಸೋರುತ್ತಿದ್ದವು. ಎರಡನೇ ತಂಡ ಒಂಬತ್ತನೇ ವಾರ ಅವನ್ನೇ ಅಳೆದಾಗ ಅಂಕಿಗಳು ಕಡಿಮೆ ಬಂದವು. ಮಕ್ಕಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ನೋಡಿದರೆ ಮೊದಲ ತಂಡ ಅಳೆದದ್ದು ಕಟ್ಟಡದ ಮೇಲಿನ ಟ್ಯಾಂಕ್ ತುಂಬಿದ್ದಾಗ, ಎರಡನೆಯದು ಅರ್ಧಕ್ಕಿಂತ ಕೆಳಗಿಳಿದಿದ್ದಾಗ. ನೀರಿನ ಮಟ್ಟ ಇಳಿದರೆ ಒತ್ತಡ ಇಳಿಯುತ್ತದೆ, ಸೋರಿಕೆಯೂ ಇಳಿಯುತ್ತದೆ. ದಾಖಲೆ ಹಾಳೆಯಲ್ಲಿ ಗಂಟೆ ಮತ್ತು ಟ್ಯಾಂಕ್ ಮಟ್ಟ ಎಂಬ ಎರಡು ಅಂಕಣಗಳನ್ನು ಮೊದಲ ದಿನದಿಂದಲೇ ಇಡಿ. ನಾವು ಇಟ್ಟದ್ದು ಜಗಳವಾದ ಮೇಲೆ.

ಕಟ್ಟಡದ ಒಟ್ಟು ಸೋರಿಕೆ ತಿಳಿಯಲು ರಾತ್ರಿ ಮೀಟರ್ ನೋಡಿ, ಬೆಳಿಗ್ಗೆ ಮತ್ತೆ ನೋಡುವ ಯೋಜನೆ ಇತ್ತು. ಯಾರೂ ನೀರು ಬಳಸದ ಹೊತ್ತಿನಲ್ಲಿ ಮೀಟರ್ ಮುಂದೆ ಸರಿದರೆ ಅಷ್ಟೂ ಸೋರಿಕೆ ಎಂಬುದು ತರ್ಕ. ಆದರೆ ಹಿರಿಯರಿರುವ ಮನೆಯಲ್ಲಿ ರಾತ್ರಿಯಿಡೀ ಯಾರಾದರೊಬ್ಬರು ಶೌಚಾಲಯಕ್ಕೆ ಏಳುತ್ತಲೇ ಇರುತ್ತಾರೆ. ಬಳಸಬೇಡಿ ಎನ್ನಲು ನಾವ್ಯಾರು? ಆ ಪರೀಕ್ಷೆ ಅಲ್ಲಿಗೇ ಬಿಟ್ಟುಹೋಯಿತು.

ಫ್ಲಶ್ ಟ್ಯಾಂಕ್‌ಗೆ ಬಣ್ಣದ ಪರೀಕ್ಷೆ ಸಾಕು. ಟ್ಯಾಂಕ್ ನೀರಿಗೆ ಐದಾರು ಹನಿ ತಿನಿಸಿನ ಬಣ್ಣ ಹಾಕಿ, 15 ನಿಮಿಷ ಫ್ಲಶ್ ಮಾಡದೆ ಬಿಡಬೇಕು. ಕೆಳಗೆ ಶೌಚಾಲಯದ ಬೇಸಿನ್‌ನಲ್ಲಿ ಬಣ್ಣ ಕಂಡರೆ ಒಳಗಿನ ಸೀಲ್ ಸೋರುತ್ತಿದೆ. ಬಾಗಿಲಿಗೆ ದೊಡ್ಡ ಅಕ್ಷರದ ಚೀಟಿ ಹಚ್ಚಿ, ಪರೀಕ್ಷೆ ಮುಗಿದ ಕೂಡಲೇ ಫ್ಲಶ್ ಮಾಡಿ, ಇಲ್ಲದಿದ್ದರೆ ಕಲೆ ಉಳಿಯುತ್ತದೆ. ಕೆಂಪು ಬಣ್ಣ ಮಾತ್ರ ಯಾವ ಕಾರಣಕ್ಕೂ ಬೇಡ. ಬೇಸಿನ್‌ನಲ್ಲಿ ಕೆಂಪು ನೀರು ಕಂಡ ಹಿರಿಯರು ಮೂತ್ರದಲ್ಲಿ ರಕ್ತ ಹೋಯಿತೆಂದು ಹೆದರುತ್ತಾರೆ. ನೀಲಿ ಅಥವಾ ಹಸಿರು ತೆಗೆದುಕೊಳ್ಳಿ. ಇದನ್ನು ಸೂಚಿಸಿದ್ದು ಅಲ್ಲಿನ ದಾದಿ. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಕೆಂಪೇ, ಅದನ್ನು ಬದಲಿಸಲು ಒಬ್ಬರು ಓಡಬೇಕಾಯಿತು.

ಎಂಟರಲ್ಲಿ ಎರಡು ಟ್ಯಾಂಕ್ ಸೋರುತ್ತಿದ್ದವು. ಎಷ್ಟು ಎಂದು ತಿಳಿಯಲು ಒಳಬರುವ ನೀರನ್ನು ನಿಲ್ಲಿಸಿ, ಮಟ್ಟ ಎಷ್ಟು ಇಳಿಯುತ್ತದೆಂದು ನೋಡಬೇಕು. ಗೋಡೆಯ ಬಳಿಯ ಹಳೆಯ ಕವಾಟ ತಿರುಗಿಸಿದರೆ ಅದೇ ಸೋರಲು ಶುರುವಾಗಬಹುದು, ಹಾಗಾಗಿ ಮಕ್ಕಳು ಅದನ್ನು ಮುಟ್ಟಕೂಡದು. ತೇಲುಚೆಂಡಿನ ಕೈಯನ್ನು ಮೇಲೆತ್ತಿ ದಾರದಿಂದ ಕಟ್ಟಿದರೂ ನೀರು ಬರುವುದು ನಿಲ್ಲುತ್ತದೆ. ಪಿಂಗಾಣಿಯ ಮುಚ್ಚಳ ಭಾರ, ದೊಡ್ಡವರೇ ಎತ್ತಬೇಕು. ನೀರಿನ ಮಟ್ಟದಲ್ಲಿ ಒಳಗಿನ ಉದ್ದ 40 ಸೆಂಟಿಮೀಟರ್, ಅಗಲ 15. ಹತ್ತು ನಿಮಿಷದಲ್ಲಿ ಇಳಿದದ್ದು 2 ಸೆಂಟಿಮೀಟರ್. 40 × 15 × 2 ಎಂದರೆ 1,200 ಘನ ಸೆಂಟಿಮೀಟರ್, ಅಂದರೆ 1.2 ಲೀಟರ್. ಗಂಟೆಗೆ 7.2, ದಿನಕ್ಕೆ ಸುಮಾರು 173 ಲೀಟರ್. ಇನ್ನೊಂದರಲ್ಲಿ 1 ಸೆಂಟಿಮೀಟರ್, ಅದರರ್ಧ. ಟೊಪ್ ಟೊಪ್ ಎಂದು ಸದ್ದು ಮಾಡಿ ಎಲ್ಲರ ಗಮನ ಸೆಳೆದಿದ್ದ ಏಳೂ ನಲ್ಲಿಗಳ ಸೋರಿಕೆ ಕೂಡಿಸಿದರೆ ದಿನಕ್ಕೆ 38 ಲೀಟರ್. ನಮಗೆ ಸದ್ದೇ ಕೇಳಿಸದ ಎರಡು ಟ್ಯಾಂಕ್‌ಗಳದ್ದು 259. ಕಟ್ಟಡದ ಮೇಲಿನ ಟ್ಯಾಂಕ್ ಹಿಡಿಯುವುದೇ 2,000 ಲೀಟರ್. ಕಪ್ಪುಹಲಗೆಯ ಮೇಲೆ ಈ ಅಂಕಿಗಳು ಅಕ್ಕಪಕ್ಕ ಬಂದಾಗ ತರಗತಿ ತನ್ನಷ್ಟಕ್ಕೆ ಸುಮ್ಮನಾಯಿತು. "ಮೂಲೆಯ ಶೌಚಾಲಯದಲ್ಲಿ ರಾತ್ರಿ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತೆ" ಎಂದು ಒಬ್ಬ ಅಜ್ಜಿ ಮೊದಲ ಭೇಟಿಯಲ್ಲೇ ಹೇಳಿದ್ದು ಒಂದು ಗುಂಪಿನ ಹಾಳೆಯಲ್ಲಿ ದಾಖಲಾಗಿತ್ತು. ಸೋರುವ ಟ್ಯಾಂಕ್‌ಗೆ ಮತ್ತೆ ಮತ್ತೆ ನೀರು ತುಂಬುವ ಸದ್ದು ಅದು. ಅಂದು ಯಾರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ.

ಹತ್ತನೇ ವಾರ ವರದಿ. ಮೊದಲ ಕರಡು ಎಂಟು ಪುಟ, ಅರ್ಧದಷ್ಟು ನೀರಿನ ಮಹತ್ವದ ಬಗ್ಗೆ. ಮೇಲ್ವಿಚಾರಕರಿಗೆ ನೀರಿನ ಮಹತ್ವ ಗೊತ್ತು. ಅವರಿಗೆ ಬೇಕಾದದ್ದು ಯಾವುದನ್ನು ಮೊದಲು ಸರಿಮಾಡಬೇಕು ಎಂಬುದು. ಭಾಷಾ ಶಿಕ್ಷಕರು ಅದನ್ನು ಎರಡು ಪುಟಕ್ಕೆ ಇಳಿಸಿದರು: ಮೇಲೆ ಕೋಷ್ಟಕ, ಕೆಳಗೆ ಅಳೆದ ವಿಧಾನ.

ಮುಂದಿನ ಮೂರು ವಾರ ಪ್ಲಂಬರ್‌ಗಾಗಿ ಕಾಯುವುದೇ ಆಯಿತು. ರಿಪೇರಿಯನ್ನು ಮಕ್ಕಳಿಂದ ಮಾಡಿಸಬಾರದು ಎಂಬುದು ಒಪ್ಪಂದದಲ್ಲೇ ಇತ್ತು. ಕಾಯುವ ಹೊತ್ತಿನಲ್ಲಿ ಉತ್ಸಾಹ ಸೋರಿಹೋಗುತ್ತದೆ, "ನಮ್ಮ ವರದಿ ಓದಿದ್ದಾರಾ ಇಲ್ವಾ?" ಎಂಬ ಪ್ರಶ್ನೆ ದಿನಾ. ಹಳೆಯ ನಲ್ಲಿಯೊಂದನ್ನು ಬಿಚ್ಚಿ ವಾಷರ್ ಹೇಗೆ ಕೂರುತ್ತದೆಂದು ತೋರಿಸಲು ಇದು ಸರಿಯಾದ ಸಮಯ. ಹದಿನಾಲ್ಕನೇ ವಾರ ಮರು ಅಳತೆಗೆ ಹೋದಾಗ ಎರಡೂ ಟ್ಯಾಂಕ್, ಆರು ನಲ್ಲಿಗಳ ಸೋರಿಕೆ ನಿಂತಿತ್ತು. ಏಳನೆಯದು ಹೊಸ ವಾಷರ್ ಹಾಕಿದ ಮೇಲೆ ಹೆಚ್ಚೇ ಸೋರುತ್ತಿತ್ತು. ಒಳಗೆ ವಾಷರ್ ಕೂರುವ ಲೋಹದ ಅಂಚು ಸವೆದು ಹಳ್ಳ ಬಿದ್ದಿತ್ತು. ಅಂಥ ನಲ್ಲಿಗೆ ಎಷ್ಟು ವಾಷರ್ ಹಾಕಿದರೂ ಅಷ್ಟೇ, ನಲ್ಲಿಯನ್ನೇ ಬದಲಿಸಬೇಕು. ಮಕ್ಕಳು ಈ ಅಂಕಿಯನ್ನು ವರದಿಯಿಂದ ಬಿಡೋಣ ಎಂದರು. ಬಿಡಲಿಲ್ಲ. ಆ ಸಾಲು ಇದ್ದದ್ದರಿಂದಲೇ ನಲ್ಲಿ ಬದಲಾಯಿತು.

ಪ್ರತಿ ಭೇಟಿಯ ಮರುದಿನ ಹತ್ತು ನಿಮಿಷ ಬರೆಯುವ ಕೆಲಸ ಇತ್ತು. ತಡಮಾಡಿದರೆ ವಿವರ ಮಾಸಿ ಭಾಷಣ ಉಳಿಯುತ್ತದೆ. ಮೊದಲ ಸಲ 40ರಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ "ತುಂಬಾ ಖುಷಿಯಾಯಿತು, ಹಿರಿಯರಿಗೆ ಸಹಾಯ ಮಾಡಬೇಕೆಂದು ಕಲಿತೆವು" ಎಂದಿತ್ತು. ತಪ್ಪು ಪ್ರಶ್ನೆಯದ್ದು. "ನಿಮ್ಮ ಅನಿಸಿಕೆ ಬರೆಯಿರಿ" ಎಂದು ಕೇಳಿದರೆ ಬರುವುದು ಅದೇ. ಶಿಕ್ಷಣತಜ್ಞ ಟೆರ್ರಿ ಬೋರ್ಟನ್ 1970ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು (ಏನಾಯಿತು, ಅದರಿಂದೇನು, ಇನ್ನೇನು) ಒಳ್ಳೆಯ ಚೌಕಟ್ಟು, ಆದರೆ ಅವನ್ನೂ ಕೆಲಸಕ್ಕೆ ತಕ್ಕಂತೆ ಹರಿತಗೊಳಿಸಬೇಕು. ಎರಡನೇ ಸಲ ಕೇಳಿದ್ದು: ನೀವು ನಿರೀಕ್ಷಿಸಿದ್ದಕ್ಕೆ ಹೊಂದದ ಒಂದು ಅಂಕಿ ಯಾವುದು? ಅಲ್ಲಿ ನಿಮಗೆ ಗೊತ್ತಿರದ ಏನನ್ನು ಯಾರು ಹೇಳಿದರು? ನಿಮ್ಮ ಗುಂಪು ಮಾಡಿದ ಒಂದು ತಪ್ಪಿನಿಂದ ಅವರಿಗೆ ಆದ ತೊಂದರೆ ಏನು? ಬುಸುಗುಟ್ಟುವ ಸದ್ದಿನ ನೆನಪು ಮತ್ತೆ ಮೇಲೆದ್ದದ್ದು ಎರಡನೇ ಪ್ರಶ್ನೆಯ ಉತ್ತರದಲ್ಲಿ.

ಅಂಕ ಕೊಡುವಾಗ ಗಂಟೆಗಳಿಗೆ ಕೊಡಬೇಡಿ, ಕರುಣೆಗೂ ಕೊಡಬೇಡಿ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಸಲು 75 ಗಂಟೆಗಳ ಸೇವಾ ಕಲಿಕೆ, ಇಲ್ಲವೇ ಸ್ಥಳೀಯ ಶಾಲಾ ಆಡಳಿತ ರೂಪಿಸಿದ ಕಾರ್ಯಕ್ರಮ ಕಡ್ಡಾಯ. ಅಲ್ಲೂ ಗಂಟೆ ತುಂಬಿದರೆ ಸಾಲದು, ತಯಾರಿ, ಕೆಲಸ, ಚಿಂತನೆ ಮೂರೂ ಬೇಕು. ನಮ್ಮ 25 ಅಂಕಗಳಲ್ಲಿ ದಾಖಲೆ ಹಾಳೆಗೆ 8, ಲೆಕ್ಕಕ್ಕೆ 7, ವರದಿಗೆ 6, ಬರೆದ ಚಿಂತನೆಗೆ 4. ಬರಲಾಗದವರಿಗೂ ಪೂರ್ತಿ ಅಂಕ ಗಳಿಸುವ ದಾರಿ ಇತ್ತು.

ಹದಿನಾರನೇ ವಾರ ಮಕ್ಕಳು ವರದಿಯನ್ನು ಹಿರಿಯರ ಮುಂದೆ ಓದಿ ಹೇಳಿದರು, ಸಲಕರಣೆಯ ಪೆಟ್ಟಿಗೆಯನ್ನೂ ಹಸಿರು ಬಣ್ಣದ ಸೀಸೆಯನ್ನೂ ಅಲ್ಲೇ ಬಿಟ್ಟು ಬಂದರು. ಮುಂದಿನ ವರ್ಷದ ಒಪ್ಪಂದದ ಹಾಳೆಗೆ ಮೇಲ್ವಿಚಾರಕರು ಈಗಾಗಲೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಬೆಳಿಗ್ಗೆ 10 ಗಂಟೆಗೆ ಮೊದಲು ಬರಬೇಡಿ, ಅದು ಎಲ್ಲರ ಸ್ನಾನದ ಹೊತ್ತು."